ಮಳೆಯಲ್ಲಿ ಕಲ್ಮನೆಗಳು

ಬಾದಾಮಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆ ಈ ನಾಲ್ಕೂ ಬಾಗಲಕೋಟೆ ಜಿಲ್ಲೆಯ ಮಲಪ್ರಭಾ ಕಣಿವೆಯಲ್ಲಿ ಒಂದೇ ದಿನದ ಹಾದಿಗೆ ಸಿಗುವ ಚಾಲುಕ್ಯರ ನೆಲೆಗಳು. ಬಾದಾಮಿಯಿಂದ ಪಟ್ಟದಕಲ್ಲಿಗೆ ಸುಮಾರು 22 ಕಿ.ಮೀ. ಅಲ್ಲಿಂದ ಐಹೊಳೆಗೆ ಅರ್ಧ ಗಂಟೆಯ ದಾರಿ. ಮಹಾಕೂಟ ನಡುವೆ ಬೆಟ್ಟದ ಮಗ್ಗುಲಲ್ಲಿದೆ. ಬಸ್ಸಿನಲ್ಲೋ ಟೆಂಪೊ ಟ್ರಾವೆಲರ್‌ನಲ್ಲೋ ಬರುವ ಪ್ರವಾಸಿ ತಂಡಗಳು ಬೆಳಿಗ್ಗೆ ಬಾದಾಮಿಯ ಗುಹೆಗಳಲ್ಲಿ ಆರಂಭಿಸಿ ಸಂಜೆ ಐಹೊಳೆಯಲ್ಲಿ ಮುಗಿಸುವುದು ರೂಢಿ. ಶಾಲಾ ಮಕ್ಕಳ ಪ್ರವಾಸಗಳೂ ದೂರದೂರಿನ ತಂಡಗಳೂ ಹೆಚ್ಚಾಗಿ ಚಳಿಗಾಲದಲ್ಲಿ ಬರುತ್ತವೆ. ಮಳೆಗಾಲದಲ್ಲಿ ಬಂದವರು ಮೋಡ ಕವಿದರೆ ದಿನ ಹಾಳಾಯಿತೆಂದು ಪೇಚಾಡುವುದುಂಟು. ಆದರೆ ಇಲ್ಲಿನ ಶಿಲ್ಪಿಗಳು ಮಳೆಯನ್ನು ಎಷ್ಟು ಗಮನಿಸಿ ಕಟ್ಟಿದ್ದಾರೆ ಎಂಬುದು ಮಳೆ ಸುರಿಯುವಾಗಲೇ ಕಣ್ಣಿಗೆ ಬೀಳುತ್ತದೆ. ಗುಡ್ಡದ ನೀರು ಎಲ್ಲಿ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ, ಛಾವಣಿಯ ಯಾವ ಅಂಚಿನಿಂದ ಜಾರುತ್ತದೆ ಎಂಬುದನ್ನು ಬಿಸಿಲಿನ ದಿನ ಊಹಿಸಿಕೊಳ್ಳಬೇಕು. ಮಳೆಯ ದಿನ ನಿಂತು ನೋಡಿದರೆ ಸಾಕು.

ಮಳೆನೆರಳಿನ ನಾಡು

ಸಹ್ಯಾದ್ರಿಯನ್ನು ದಾಟುವ ಹೊತ್ತಿಗೆ ಮುಂಗಾರು ತನ್ನ ನೀರನ್ನು ಬಹುಪಾಲು ಅಲ್ಲೇ ಸುರಿಸಿರುತ್ತದೆ. ಮೂಡಣಕ್ಕೆ ಬಂದಷ್ಟೂ ಮೋಡ ಹಗುರ, ಮಳೆ ಕಡಿಮೆ. ಬಾದಾಮಿ ಸೀಮೆ ಈ ಮಳೆನೆರಳಿನಲ್ಲಿದೆ. ವರ್ಷವಿಡೀ ಬೀಳುವ ಮಳೆ ಸಾಮಾನ್ಯವಾಗಿ 600 ಮಿ.ಮೀ. ದಾಟುವುದಿಲ್ಲ. ಜೂನ್-ಜುಲೈನಲ್ಲಿ ಜಿನುಗಿ ಹೋಗುವ ಮಳೆ ಹುಬ್ಬೆ, ಉತ್ತರೆಗಳ ಹೊತ್ತಿಗೆ, ಅಂದರೆ ಸೆಪ್ಟೆಂಬರಿನಲ್ಲಿ, ಕೈ ಬಿಚ್ಚಿ ಸುರಿಯುತ್ತದೆ. ಬಿಳಿಜೋಳದ ಹಿಂಗಾರಿ ಬಿತ್ತನೆ ಈ ಹಸಿಯನ್ನೇ ನಂಬಿದೆ.

ಮಲಪ್ರಭೆಯ ಲೆಕ್ಕವೇ ಬೇರೆ. ಈ ನದಿ ಹುಟ್ಟುವುದು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಸಹ್ಯಾದ್ರಿಯ ದಟ್ಟ ಮಳೆಯ ಸೆರಗಿನಲ್ಲಿ. ಸವದತ್ತಿ ಬಳಿಯ ನವಿಲುತೀರ್ಥ ಅಣೆಕಟ್ಟನ್ನು ದಾಟಿ, ಬಯಲುಸೀಮೆಯಲ್ಲಿ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಆದ್ದರಿಂದ ಬಾದಾಮಿಯಲ್ಲಿ ಹನಿ ಬೀಳದ ದಿನವೂ ಹೊಳೆ ಕೆಂಪಗೆ ಉಕ್ಕಿ ಬರಬಹುದು. ಮಳೆ ಇಲ್ಲೇ ಸುರಿದ ದಿನ ಹೊಳೆ ಶಾಂತವಾಗಿದ್ದು ಊರ ಹಳ್ಳಗಳು ಮಾತ್ರ ತುಂಬಬಹುದು. ‘ಹಳ್ಳ ಬಂದದ’, ‘ಹೊಳಿ ಬಂದದ’ ಎಂದು ಇಲ್ಲಿನವರು ಬೇರೆ ಬೇರೆಯಾಗಿ ಹೇಳುವುದು ಇದಕ್ಕೇ. ಮಳೆಯ ದಿನದ ಪ್ರವಾಸಕ್ಕೆ ಈ ಎರಡು ಸುದ್ದಿಗಳನ್ನೂ ಬೆಳಿಗ್ಗೆಯೇ ಕೇಳಿ ತಿಳಿದುಕೊಂಡಿರಬೇಕು.

ಬಾದಾಮಿ: ಕೋಟೆಗೆ ನೀರು, ನೀರಿಗೆ ಕೋಟೆ

ಬಾದಾಮಿಯ ಹಳೆಯ ಹೆಸರು ವಾತಾಪಿ. ಒಂದನೆಯ ಪುಲಕೇಶಿ ಇಲ್ಲಿನ ಬೆಟ್ಟವನ್ನು ಕೋಟೆಯಾಗಿ ಮಾಡಿದ ಸಂಗತಿಯನ್ನು ಬಂಡೆಯ ಮೇಲಿನ ಶಾಸನವೊಂದು ಶಕ 465ರ, ಅಂದರೆ ಕ್ರಿ.ಶ. 543ರ ಕಾಲದೊಂದಿಗೆ ಹೇಳುತ್ತದೆ. ಅರಸ ಇದೇ ಜಾಗವನ್ನು ಆರಿಸಿದ್ದೇಕೆ ಎಂಬುದಕ್ಕೆ ನೆಲದ ರೂಪವೇ ಉತ್ತರ. ಉತ್ತರಕ್ಕೆ ಒಂದು ಕಡಿದಾದ ಬೆಟ್ಟ, ದಕ್ಷಿಣಕ್ಕೆ ಇನ್ನೊಂದು. ಮೂಡಣದಲ್ಲಿ ಎರಡೂ ಬಾಗಿ ಕೂಡಿ ಕುದುರೆ ಲಾಳದಂತೆ ನಡುವಿನ ತಗ್ಗನ್ನು ಸುತ್ತುತ್ತವೆ. ತೆರೆದ ಪಡುವಣಕ್ಕೆ ಏರಿ ಹಾಕಿದರೆ ಬೆಟ್ಟಗಳ ಮೇಲೆ ಬಿದ್ದ ನೀರೆಲ್ಲ ಒಂದೇ ಬೊಗಸೆಗೆ ಬಂದು ನಿಲ್ಲುತ್ತದೆ. ಆ ಬೊಗಸೆಯೇ ಅಗಸ್ತ್ಯತೀರ್ಥ. ಕೋಟೆಗೆ ಶತ್ರುಗಳಿಗಿಂತ ದೊಡ್ಡ ಭಯ ನೀರಿಲ್ಲದಿರುವುದು. ಮಳೆ ಕಡಿಮೆ ಬೀಳುವ ಸೀಮೆಯಲ್ಲಿ ಬಂಡೆಯ ಮೇಲೆ ಬಿದ್ದ ಮಳೆಯನ್ನು ಇಂಗಿಹೋಗಲು ಬಿಡದೆ ಹಿಡಿದಿಡುವ ಈ ತಗ್ಗು ರಾಜಧಾನಿಯ ಜೀವಾಳವಾಯಿತು.

ಜೋರು ಮಳೆ ಬಂದಾಗ ಈ ವ್ಯವಸ್ಥೆ ಕೆಲಸ ಮಾಡುವುದನ್ನು ಕೆರೆಯ ದಂಡೆಯಿಂದಲೇ ಕಾಣಬಹುದು. ಕೆಂಪು ಬಂಡೆಯ ಮೇಲೆ ಮಣ್ಣಿನ ಪದರ ತೆಳುವಾಗಿರುವುದರಿಂದ ನೀರು ಹೀರಿಕೊಳ್ಳುವುದು ಕಡಿಮೆ. ಮಳೆ ಹಿಡಿದ ಸ್ವಲ್ಪ ಹೊತ್ತಿಗೇ ಬೆಟ್ಟದ ತಲೆಯ ಮೇಲಿನ ತಗ್ಗುಗಳು ತುಂಬಿ, ಅಂಚಿನ ಕೊರಕಲುಗಳಿಂದ ನೀರು ಬೀಳಲಾರಂಭಿಸುತ್ತದೆ. ಅವುಗಳಲ್ಲಿ ಪಕ್ಕಪಕ್ಕದಲ್ಲೇ ಧುಮುಕುವ ಎರಡು ಧಾರೆಗಳನ್ನು ಊರವರು ‘ಅಕ್ಕ-ತಂಗಿ’ ಎನ್ನುತ್ತಾರೆ. ಬೇಸಿಗೆಯಲ್ಲಿ ಅಲ್ಲಿ ಕಾಣುವುದು ಬಂಡೆಯ ಮೇಲಿನ ಕಪ್ಪು ಗೆರೆ ಮಾತ್ರ. ಮಳೆಯ ದಿನ ಅದೇ ಗೆರೆಯ ಮೇಲೆ ಬಿಳಿ ನೀರು ಇಳಿಯುತ್ತದೆ. ಕೆರೆಯ ಮೂಡಣ ತುದಿಯ ಭೂತನಾಥ ಗುಡಿ ನೀರಿಗೆ ಚಾಚಿದ ಜಗಲಿಯ ಮೇಲೆ ನಿಂತಿದೆ. ಕೆರೆ ತುಂಬಿದ ವರ್ಷ ಗುಡಿಯ ಪಾದದವರೆಗೂ ನೀರು ಬರುತ್ತದೆ.

ಕಲ್ಮನೆ

ದಕ್ಷಿಣದ ಬೆಟ್ಟದಲ್ಲಿ ನಾಲ್ಕು ಗುಹಾಲಯಗಳಿವೆ. ಮೊದಲನೆಯದು ಶಿವನದು, ಎರಡನೆಯದೂ ಮೂರನೆಯದೂ ವಿಷ್ಣುವಿನವು, ನಾಲ್ಕನೆಯದು ಜೈನರದು. ಇವನ್ನು ಕೊರೆದಿರುವುದು ಮರಳುಗಲ್ಲಿನಲ್ಲಿ. ಭೂವಿಜ್ಞಾನಿಗಳು ಈ ಕಲ್ಲಿನ ಪದರಕ್ಕೆ ಈ ಗುಹೆಗಳ ಹೆಸರನ್ನೇ ಇಟ್ಟು ‘ಕೇವ್ ಟೆಂಪಲ್ ಅರೆನೈಟ್’ ಎಂದಿದ್ದಾರೆ. ಐವತ್ತು ಕೋಟಿ ವರ್ಷಗಳಿಗೂ ಹಿಂದೆ ಹಳೆಯ ನದಿಗಳು ಹೊತ್ತು ತಂದು ಹಾಸಿದ ಮರಳು ಒತ್ತಿ ಗಟ್ಟಿಯಾಗಿ ಆದ ಕಲ್ಲಿದು. ಗುಹೆಯ ಕಂಬಗಳ ಮೇಲೆ ಸೀರೆಯ ಅಂಚಿನಂತೆ ಸುತ್ತಿಕೊಂಡಿರುವ ಕೆಂಪು, ನೇರಳೆ, ಹಳದಿ ಪಟ್ಟೆಗಳು ಆ ಮರಳು ಪದರ ಪದರವಾಗಿ ಕೂತ ಗುರುತು. ಕೆಂಪು ಬಣ್ಣ ಕಲ್ಲಿನೊಳಗಿನ ಕಬ್ಬಿಣದ ಅಂಶದ್ದು. ನೀರೇ ಹಾಸಿದ ಕಲ್ಲನ್ನು ಮನುಷ್ಯ ನೀರಿನಿಂದ ರಕ್ಷಣೆ ಪಡೆಯಲು ಕೊರೆದಿದ್ದಾನೆ.

ಗುಹೆಗಳ ಬಾಯಿ ಬಹುಮಟ್ಟಿಗೆ ಉತ್ತರಕ್ಕೆ, ಕೆರೆಯ ಕಡೆಗೆ ಇದೆ. ಮುಂಗಾರಿನ ಗಾಳಿ ಬೀಸುವುದು ಪಶ್ಚಿಮ ಮತ್ತು ನೈರುತ್ಯದಿಂದ. ಹಾಗಾಗಿ ಎರಚಲು ಬೆಟ್ಟದ ಬೆನ್ನಿಗೆ ಬಡಿಯುತ್ತದೆ, ಒಳಗೆ ನುಗ್ಗುವುದು ಅಪರೂಪ. ಗುಹೆಯ ಮುಂದೆ ಚಾಚಿಕೊಂಡಿರುವ ಕಲ್ಲಿನ ಸೂರು ಮೇಲಿನಿಂದ ಇಳಿಯುವ ನೀರನ್ನು ಕಂಬಗಳಿಗೆ ತಾಗದಂತೆ ಆಚೆಗೆ ಬೀಳಿಸುತ್ತದೆ. ಮಳೆ ಜೋರಾದಾಗ ಗುಹೆಯೊಳಗಿಂದ ನೋಡಿದರೆ ಈ ಸೂರಿನಿಂದ ಮುತ್ತಿನ ಪರದೆ ಇಳಿಬಿಟ್ಟಂತೆ ಹನಿಗಳು ಸಾಲಾಗಿ ಬೀಳುತ್ತವೆ. ಪರದೆಯ ಒಳಬದಿಯ ಕಟ್ಟೆ ಒಣಗಿಯೇ ಇರುತ್ತದೆ.

ಮೊದಲ ಗುಹೆಯ ಬಲಗಡೆ ಬಂಡೆಯಲ್ಲಿ ಹದಿನೆಂಟು ಕೈಗಳ ನಟರಾಜನಿದ್ದಾನೆ. ಕೈಗಳ ಜೋಡಿಗಳನ್ನು ಬೇರೆ ಬೇರೆಯಾಗಿ ಕೂಡಿಸಿ ಎಂಬತ್ತೊಂದು ಭಂಗಿಗಳನ್ನು ಗೈಡ್‌ಗಳು ಲೆಕ್ಕ ಹಾಕಿ ತೋರಿಸುತ್ತಾರೆ. ಬಿಸಿಲಿನ ದಿನ ಹೊರಗಿನ ಝಳಕ್ಕೆ ಒಗ್ಗಿದ ಕಣ್ಣಿಗೆ ಗುಹೆಯ ಒಳಗು ಕೆಲ ಹೊತ್ತು ಕತ್ತಲಾಗಿಯೇ ಉಳಿಯುತ್ತದೆ. ಮೋಡದ ಬೆಳಕಿನಲ್ಲಿ ಹೊರಗೂ ಒಳಗೂ ಅಷ್ಟು ಅಂತರವಿಲ್ಲ. ಒಳಗೋಡೆಯ ಹರಿಹರ, ಅರ್ಧನಾರೀಶ್ವರರ ಒಡವೆಗಳ ಎಳೆಯವರೆಗೂ ಕಣ್ಣು ಬೇಗ ಹೊಂದಿಕೊಳ್ಳುತ್ತದೆ. ಒದ್ದೆಯಾದ ಮರಳುಗಲ್ಲಿನ ಬಣ್ಣವೂ ಬದಲಾಗುತ್ತದೆ. ಕಲ್ಲಿನ ಸಣ್ಣ ರಂಧ್ರಗಳಲ್ಲಿ ಗಾಳಿಯಿದ್ದಾಗ ಬೆಳಕು ಚದುರಿ ಕಲ್ಲು ಮಾಸಲಾಗಿ ಕಾಣುತ್ತದೆ. ಆ ರಂಧ್ರಗಳಲ್ಲಿ ನೀರು ತುಂಬಿದಾಗ ಚದುರುವುದು ಕಡಿಮೆಯಾಗಿ ಬಣ್ಣ ಗಾಢವಾಗುತ್ತದೆ. ಚಳಿಗಾಲದಲ್ಲಿ ಇಟ್ಟಿಗೆ ಬಣ್ಣದ ಬೆಟ್ಟ ಮಳೆಯಲ್ಲಿ ಕುಂಕುಮದ ಬಣ್ಣಕ್ಕೆ ತಿರುಗುವುದು ಹೀಗೆ.

ನಾಲ್ಕರಲ್ಲಿ ದೊಡ್ಡದು ಮೂರನೆಯ ಗುಹೆ. ಹೆಡೆಯೆತ್ತಿದ ಶೇಷನ ಸುರುಳಿಯ ಮೇಲೆ ಕುಳಿತ ವಿಷ್ಣು, ಭೂದೇವಿಯನ್ನು ಎತ್ತಿದ ವರಾಹ, ಆಕಾಶಕ್ಕೆ ಕಾಲು ಚಾಚಿದ ತ್ರಿವಿಕ್ರಮ, ನಿಂತ ನರಸಿಂಹ ಎಲ್ಲರೂ ಆಳೆತ್ತರವನ್ನು ಮೀರಿ ನಿಂತಿದ್ದಾರೆ. ಕಂಬಗಳ ಮೇಲಿನ ಚಾಚುಗಳಲ್ಲಿ ಮರದಡಿ ನಿಂತ ಗಂಡು-ಹೆಣ್ಣುಗಳ ಜೋಡಿಗಳಿವೆ. ಛಾವಣಿಯ ಅಂಚಿನಲ್ಲಿ ಹಳೆಯ ವರ್ಣಚಿತ್ರಗಳ ಮಸುಕು ಇನ್ನೂ ಉಳಿದಿದೆ. ಇಲ್ಲಿನ ಸಂಸ್ಕೃತ ಶಾಸನ ಶಕ 500ರದು, ಅಂದರೆ ಕ್ರಿ.ಶ. 578ರದು. ಒಂದನೆಯ ಕೀರ್ತಿವರ್ಮನ ಆಳ್ವಿಕೆಯ ಹನ್ನೆರಡನೆಯ ವರ್ಷದಲ್ಲಿ ಅವನ ತಮ್ಮ ಮಂಗಳೇಶ ಈ ವಿಷ್ಣುಗೃಹವನ್ನು ಮಾಡಿಸಿದನೆಂದು ಅದು ತಿಳಿಸುತ್ತದೆ. ನಿಖರ ಕಾಲ ಹೊತ್ತ ಈ ಬರಹ ಭಾರತದ ಗುಹಾಲಯಗಳ ಕಾಲವನ್ನು ಅಳೆಯುವವರಿಗೆಲ್ಲ ಒಂದು ಗಟ್ಟಿ ಮೊಳೆ.

ಅದರ ಜೊತೆಗೆ ಮಂಗಳೇಶನದೇ ಒಂದು ಚಿಕ್ಕ ಕನ್ನಡ ಶಾಸನವೂ ಇಲ್ಲಿದೆ. ದೇವರಿಗೆ ಲಂಜಿಗೇಸರ ಎಂಬ ಊರನ್ನು ಬಿಟ್ಟುದನ್ನೂ ಹೂಮಾಲೆ ಕಟ್ಟುವವರಿಗೆ ಸಲ್ಲಬೇಕಾದುದನ್ನೂ ಅದು ಹೇಳುತ್ತದೆ. ಸಂಸ್ಕೃತದಲ್ಲಿ ‘ಗೃಹ’ವಾದದ್ದು ಈ ಕನ್ನಡ ಬರಹದಲ್ಲಿ ‘ಕಲ್ಮನೆ’. ಹದಿನಾಲ್ಕು ಶತಮಾನ ಕಳೆದರೂ ಈ ಪದಕ್ಕೆ ಅರ್ಥ ಹೇಳಬೇಕಾಗಿಲ್ಲ. ಹೊರಗೆ ಮಳೆ ಹೊಯ್ಯುವಾಗ ಒಳಗೆ ಒಣಗಿದ ಕಟ್ಟೆಯ ಮೇಲೆ ಕೂತ ತಂಡಕ್ಕೆ ಅದು ಇನ್ನೂ ಹತ್ತಿರವಾಗುತ್ತದೆ. ಕಲ್ಮನೆ ಎಂದರೆ ಕಲ್ಲಿನ ಮನೆ.

ಕೆರೆಯ ಇನ್ನೊಂದು ದಂಡೆಯಲ್ಲಿ, ಈಶಾನ್ಯದ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಸುಮಾರು ಕ್ರಿ.ಶ. 700ರ ಈ ಬರಹದಲ್ಲಿ ಕನ್ನಡ ತ್ರಿಪದಿಯ ಬಲು ಹಳೆಯ ಮಾದರಿಗಳು ಸಿಗುತ್ತವೆ. ಉತ್ತರದ ಬೆಟ್ಟದ ಮೇಲೆ ಮೇಲಣ ಶಿವಾಲಯವಿದೆ, ಬಂಡೆಯೊಂದರ ನೆತ್ತಿಯಲ್ಲಿ ಮಾಲೆಗಿತ್ತಿ ಶಿವಾಲಯವಿದೆ. ಮಾಲೆಗಿತ್ತಿ ಎಂದರೆ ಮಾಲೆ ಕಟ್ಟುವವಳು. ಮಂಗಳೇಶನ ಶಾಸನದಲ್ಲಿ ಬಂದ ಕಸುಬು ಇಲ್ಲಿ ಗುಡಿಯ ಹೆಸರಾಗಿ ಉಳಿದಿದೆ. ಮಿಂಚು-ಗುಡುಗು ಇದ್ದಾಗ ಈ ಬೆಟ್ಟ ಹತ್ತುವುದು ತರವಲ್ಲ. ಆಗ ಬೆಟ್ಟದ ಬುಡದ ಪುರಾತತ್ವ ಸಂಗ್ರಹಾಲಯ ಒಳ್ಳೆಯ ಆಸರೆ. ಅದಕ್ಕೆ ಶುಕ್ರವಾರ ರಜೆ.

ಮಹಾಕೂಟ: ಬತ್ತದ ಚಿಲುಮೆ

ಬಾದಾಮಿಯಲ್ಲಿ ಬೆಟ್ಟದ ಮೇಲೆ ಹರಿಯುವ ನೀರು ಕಂಡರೆ ಮಹಾಕೂಟದಲ್ಲಿ ಬೆಟ್ಟದೊಳಗಿನಿಂದ ಹೊರಡುವ ನೀರು ಕಾಣುತ್ತದೆ. ಮಳೆ ಬಿರುಕುಗಳಲ್ಲಿ ಇಳಿದು, ಕಲ್ಲಿನೊಳಗೆ ಮೆಲ್ಲನೆ ಸರಿದು, ತಗ್ಗಿನಲ್ಲಿ ದಾರಿ ಸಿಕ್ಕಲ್ಲಿ ಚಿಲುಮೆಯಾಗುತ್ತದೆ. ಅಂಥ ಚಿಲುಮೆಯ ನೀರನ್ನು ಕಟ್ಟೆ ಕಟ್ಟಿ ನಿಲ್ಲಿಸಿದ್ದು ವಿಷ್ಣು ಪುಷ್ಕರಿಣಿ. ಬೇಸಿಗೆಯಲ್ಲೂ ಇದು ತುಂಬಿರುತ್ತದೆ. ಸುತ್ತ ಆಲ, ಬೇವು, ಮಾವಿನ ಮರಗಳ ನೆರಳಲ್ಲಿ ಮಹಾಕೂಟೇಶ್ವರ, ಮಲ್ಲಿಕಾರ್ಜುನ ಮತ್ತು ಹತ್ತಾರು ಸಣ್ಣ ಗುಡಿಗಳಿವೆ. ಪೂಜೆ ಇಂದಿಗೂ ನಿಂತಿಲ್ಲ.

ಮಂಗಳೇಶ ಇಲ್ಲಿ ನಿಲ್ಲಿಸಿದ ಶಾಸನಸ್ತಂಭ ಚಾಲುಕ್ಯರ ಆರಂಭದ ಇತಿಹಾಸಕ್ಕೆ ದೊಡ್ಡ ಆಧಾರ. ಈಗ ಅದು ವಿಜಯಪುರದ ಗೋಲಗುಮ್ಮಟದ ಸಂಗ್ರಹಾಲಯದಲ್ಲಿದೆ. ಮಹಾಕೂಟೇಶ್ವರ ಗುಡಿಯ ಮುಖಮಂಟಪದ ಕಂಬದ ಮೇಲಿನ ಇನ್ನೊಂದು ಬರಹ ಇಲ್ಲೇ ಉಳಿದಿದೆ. ಅದು ವಿಜಯಾದಿತ್ಯನ ಪ್ರಾಣವಲ್ಲಭೆ ವಿನಾಪೋಟಿಯ ಕನ್ನಡ ದಾನಶಾಸನ. ದೇವರಿಗೆ ಮಾಣಿಕ್ಯದ ಪೀಠವನ್ನೂ ಬೆಳ್ಳಿಯ ಕೊಡೆಯನ್ನೂ ಆಕೆ ಕೊಟ್ಟಳೆಂದು ಅದರಲ್ಲಿದೆ. ಕೊಡೆ ದೇವರಿಗೂ ಅರಸರಿಗೂ ಗೌರವದ ಗುರುತು. ಮಳೆಯ ದಿನ ಕೈಯಲ್ಲಿ ಕೊಡೆ ಹಿಡಿದೇ ಆ ಕಂಬದ ಮುಂದೆ ನಿಲ್ಲುವವರಿಗೆ ಎಂಟನೆಯ ಶತಮಾನದ ಈ ದಾನ ಬೇಗ ನೆನಪಿನಲ್ಲಿ ಕೂರುತ್ತದೆ.

ಪಟ್ಟದಕಲ್ಲು: ಕೆಂಪು ಊರು, ಕೆಂಪು ಹೊಳೆ

ಪಟ್ಟದಕಲ್ಲಿನ ಹಿಂದಿನ ಹೆಸರು ಕಿಸುವೊಳಲ್, ಅಂದರೆ ಕೆಂಪು ಊರು. ಮೂಡಣಕ್ಕೆ ಹರಿಯುವ ಮಲಪ್ರಭೆ ಇಲ್ಲಿ ಬಾಗಿ ಉತ್ತರಕ್ಕೆ ತಿರುಗುತ್ತದೆ. ಉತ್ತರವಾಹಿನಿಯಾದ ನದಿಯ ದಡ ಪುಣ್ಯಸ್ಥಳವೆಂಬ ನಂಬಿಕೆ ಈ ಜಾಗವನ್ನು ಚಾಲುಕ್ಯ ಅರಸರ ಪಟ್ಟಾಭಿಷೇಕದ ನೆಲೆಯಾಗಿಸಿತು. ಹೆಸರಲ್ಲೇ ಪಟ್ಟ ಇದೆ. 1987ರಲ್ಲಿ ಯುನೆಸ್ಕೊ ಇಲ್ಲಿನ ಸ್ಮಾರಕಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ವಿಜಯಾದಿತ್ಯನ ಕಾಲದ ಸಂಗಮೇಶ್ವರ, ಎರಡನೆಯ ವಿಕ್ರಮಾದಿತ್ಯನ ರಾಣಿಯರಾದ ಅಕ್ಕ-ತಂಗಿಯರು ಕಟ್ಟಿಸಿದ ವಿರೂಪಾಕ್ಷ ಮತ್ತು ಮಲ್ಲಿಕಾರ್ಜುನ, ಇವು ದ್ರಾವಿಡ ಶೈಲಿಯ ಗುಡಿಗಳು. ಗಳಗನಾಥ, ಕಾಡಸಿದ್ಧೇಶ್ವರ, ಜಂಬುಲಿಂಗ, ಕಾಶಿವಿಶ್ವನಾಥ ಗುಡಿಗಳದು ಉತ್ತರದ ನಾಗರ ಶಿಖರ. ತುಸು ದೂರದ ಪಾಪನಾಥದಲ್ಲಿ ಎರಡೂ ಬೆರೆತಿವೆ. ಅದರ ಹೊರಗೋಡೆಯ ಮೇಲೆ ರಾಮಾಯಣದ ದೃಶ್ಯಗಳಿವೆ. ಎರಡು ಶಿಖರಗಳ ವ್ಯತ್ಯಾಸವನ್ನು ಮಳೆ ಚೆನ್ನಾಗಿ ಬಿಡಿಸಿ ತೋರಿಸುತ್ತದೆ. ದ್ರಾವಿಡ ಶಿಖರ ಮಜಲು ಮಜಲಾಗಿ ಏರುವುದರಿಂದ ನೀರು ಪ್ರತಿ ಮಜಲಿನ ಅಂಚಿನಲ್ಲೂ ತಡೆದು ತಡೆದು ಇಳಿಯುತ್ತದೆ. ನಾಗರ ಶಿಖರದ ಬಾಗಿದ ಮೈಮೇಲೆ ಅದು ನೆತ್ತಿಯಿಂದ ಬುಡದವರೆಗೆ ಉದ್ದುದ್ದ ಗೆರೆಗಳಾಗಿ ಜಾರುತ್ತದೆ. ವಾಸ್ತುಪಾಠದ ಎರಡು ಪುಟ ಓದಿ ತಿಳಿಯುವುದು ಇಲ್ಲಿ ಐದು ನಿಮಿಷದಲ್ಲಿ ಅರಿವಾಗುತ್ತದೆ.

ವಿರೂಪಾಕ್ಷ ಗುಡಿ ಎದ್ದದ್ದು ಎಂಟನೆಯ ಶತಮಾನದ ನಡುಭಾಗದ ಹೊತ್ತಿಗೆ. ವಿಕ್ರಮಾದಿತ್ಯ ಪಲ್ಲವರ ಕಂಚಿಯನ್ನು ಗೆದ್ದ ನೆನಪಿಗೆ ಲೋಕಮಹಾದೇವಿ ಇದನ್ನು ಕಟ್ಟಿಸಿದಳು. ತಂಗಿ ತ್ರೈಲೋಕ್ಯಮಹಾದೇವಿಯದು ಪಕ್ಕದ ಮಲ್ಲಿಕಾರ್ಜುನ. ಕಂಚಿಯ ಕೈಲಾಸನಾಥ ಗುಡಿಯ ಸಂಪತ್ತನ್ನು ದೋಚದೆ ದೇವರಿಗೇ ಮರಳಿ ಒಪ್ಪಿಸಿದುದನ್ನು ವಿಕ್ರಮಾದಿತ್ಯ ಅದೇ ಗುಡಿಯಲ್ಲಿ ಕನ್ನಡದಲ್ಲಿ ಕೆತ್ತಿಸಿದ್ದಾನೆ. ವಿರೂಪಾಕ್ಷದ ರಚನೆಯಲ್ಲಿ ಕಂಚಿಯ ಆ ಗುಡಿಯ ಛಾಯೆ ಕಾಣುತ್ತದೆ. ಮುಂದೆ ಎಲ್ಲೋರದ ಕೈಲಾಸಕ್ಕೆ ವಿರೂಪಾಕ್ಷವೇ ಮಾದರಿಯಾಯಿತು. ಇದನ್ನು ಕಟ್ಟಿದ ಸೂತ್ರಧಾರಿ ಗುಂಡ ಅನಿವಾರಿತಾಚಾರಿ. ಅವನಿಗೆ ತ್ರಿಭುವನಾಚಾರಿ ಎಂಬ ಬಿರುದು ಸಂದುದನ್ನು ಇಲ್ಲಿನ ಶಾಸನ ದಾಖಲಿಸಿದೆ. ಅರಸನ ಹೆಸರಿನ ಜೊತೆ ಕಲ್ಲುಕುಟಿಗನ ಹೆಸರೂ ಉಳಿದಿರುವುದು ಈ ಕಣಿವೆಯ ದೊಡ್ಡತನ.

ಬಯಲಿನಲ್ಲಿ ನಿಂತ ಪಟ್ಟದಕಲ್ಲಿನಲ್ಲಿ ಮಳೆಗೆ ಮರೆಯಾಗಲು ಗುಡಿಯ ಒಳಗೇ ಹೋಗಬೇಕು. ವಿರೂಪಾಕ್ಷದ ಮೂಡಣ ಮುಖಮಂಟಪದಲ್ಲಿ ತಲೆಯೆತ್ತಿದರೆ ಛಾವಣಿಯಲ್ಲಿ ರಥವೇರಿದ ಸೂರ್ಯ ಕಾಣುತ್ತಾನೆ. ಹೊರಗೆ ಸೂರ್ಯನ ಸುಳಿವಿಲ್ಲದ ದಿನವೂ ಒಳಗೆ ಅವನ ರಥ ನಿಂತಿಲ್ಲ. ಒಳಮಂಟಪಕ್ಕೆ ಬೆಳಕು ಕಲ್ಲಿನ ಜಾಲಂದ್ರಗಳಿಂದ ಬರುತ್ತದೆ. ಗಾಳಿ-ಬೆಳಕನ್ನು ಒಳಗೆ ಬಿಟ್ಟು ಎರಚಲನ್ನು ಬಹುಪಾಲು ಹೊರಗೇ ತಡೆಯುವ ಈ ಕಿಟಕಿಗಳ ಒಂದೊಂದು ವಿನ್ಯಾಸವೂ ಬೇರೆ. ಕಂಬಗಳ ಮೇಲೆ ರಾಮಾಯಣ, ಮಹಾಭಾರತದ ಕತೆಗಳು ಪಟ್ಟಿ ಪಟ್ಟಿಯಾಗಿ ಸಾಗಿವೆ. ಎದುರಿನ ಮಂಟಪದಲ್ಲಿ ಕಪ್ಪು ಕಲ್ಲಿನ ದೊಡ್ಡ ನಂದಿ ಕೆಂಪು ವಸ್ತ್ರ ಹೊದ್ದು ಕುಳಿತಿದೆ. ವಿರೂಪಾಕ್ಷನಿಗೆ ಈಗಲೂ ನಿತ್ಯಪೂಜೆಯಿದೆ. ಮಳೆಯ ಮಬ್ಬಿನಲ್ಲಿ ಗರ್ಭಗುಡಿಯ ದೀಪದ ಬೆಳಕು ಮಂಟಪದ ಕಂಬಗಳವರೆಗೂ ಬರುತ್ತದೆ.

ಇಷ್ಟು ಹತ್ತಿರದ ಹೊಳೆ ಅಪಾಯವನ್ನೂ ತರುತ್ತದೆ. 2009ರ ಅಕ್ಟೋಬರಿನ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕವನ್ನು ಮುಳುಗಿಸಿದ ನೆರೆ ಮಲಪ್ರಭಾ ದಂಡೆಯ ಊರುಗಳನ್ನು ಕಂಗೆಡಿಸಿತು. 2019ರ ಆಗಸ್ಟಿನಲ್ಲಿ ಮೇಲಿನ ಸಹ್ಯಾದ್ರಿಯಲ್ಲಿ ಸುರಿದ ಮಳೆಯಿಂದ ಹೊಳೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೇ ನೀರು ನುಗ್ಗಿತು. ಎತ್ತರದ ಜಗಲಿಯ ಮೇಲೆ ಗುಡಿ ಕಟ್ಟುವ ಪದ್ಧತಿಯ ಬೆಲೆ ಅಂಥ ದಿನ ತಿಳಿಯುತ್ತದೆ. ಹೊಳೆ ಬಂದಾಗ ದಡದ ಮೆಟ್ಟಿಲಿಗೆ ಇಳಿಯದಿರುವುದು ಲೇಸು. ಕೆಂಪು ನೀರಿನ ಅಡಿಯಲ್ಲಿ ಮೆಟ್ಟಿಲು ಎಲ್ಲಿ ಮುಗಿಯಿತೆಂದು ಕಾಣುವುದಿಲ್ಲ.

ಐಹೊಳೆ: ಕಲ್ಲಿನ ಮಾಳಿಗೆ

ಐಹೊಳೆಯಲ್ಲಿ ನೂರಕ್ಕೂ ಹೆಚ್ಚು ಗುಡಿಗಳಿವೆ. ‘ಅಯ್ಯಾವೊಳೆ ಐನೂರ್ವರು’ ಎಂದು ದಕ್ಷಿಣ ಭಾರತದುದ್ದಕ್ಕೂ ಹೆಸರಾದ ವರ್ತಕರ ಸಂಘ ಈ ಊರಿನದೇ. ಮಳೆ ಮತ್ತು ಕಟ್ಟಡದ ಸಂಬಂಧ ಅರಿಯಬೇಕಾದವರು ಇಲ್ಲಿ ಮೊದಲು ನೋಡಬೇಕಾದದ್ದು ಲಾಡಖಾನ ಗುಡಿ. ಹಿಂದೆ ಇದರಲ್ಲಿ ವಾಸವಾಗಿದ್ದವನೊಬ್ಬನ ಹೆಸರು ಗುಡಿಗೆ ಅಂಟಿಕೊಂಡಿದೆ. ಇದನ್ನು ಐದನೆಯ ಶತಮಾನದ್ದೆಂದು ಮೊದಲಿನ ವಿದ್ವಾಂಸರು ಎಣಿಸಿದ್ದರು. ಏಳು-ಎಂಟನೆಯ ಶತಮಾನದ್ದೆಂಬುದು ಈಚಿನವರ ಅಭಿಪ್ರಾಯ.

ಇದರ ಛಾವಣಿಯ ಅಂಚನ್ನು ಹತ್ತಿರದಿಂದ ನೋಡಬೇಕು. ನಡುವೆ ಎತ್ತರವಾಗಿ, ಸುತ್ತಲೂ ಇಳಿಜಾರಾಗಿ ದೊಡ್ಡ ಕಲ್ಲುಚಪ್ಪಡಿಗಳನ್ನು ಹಾಸಿದ್ದಾರೆ. ಚಪ್ಪಡಿಗಳನ್ನು ಎಷ್ಟೇ ಬಿಗಿಯಾಗಿ ಜೋಡಿಸಿದರೂ ಎರಡರ ನಡುವೆ ಸಂದು ಉಳಿದೇ ಉಳಿಯುತ್ತದೆ. ಸೋರುವುದು ಅಲ್ಲಿಯೇ. ಅದಕ್ಕೆ ಶಿಲ್ಪಿಗಳು ಪ್ರತಿ ಸಂದಿನ ಮೇಲೂ ಮೇಲಿನಿಂದ ಕೆಳಗಿನವರೆಗೆ ಒಂದು ಉದ್ದನೆಯ ಕಲ್ಲುಪಟ್ಟಿಯನ್ನು ಮಲಗಿಸಿದ್ದಾರೆ. ದೂರಕ್ಕೆ ಅದು ಮರದ ದಿಮ್ಮಿಯಂತೆ ಕಾಣುತ್ತದೆ. ಮಳೆ ಬಿದ್ದಾಗ ಪಟ್ಟಿಯ ಮೇಲಿನ ನೀರು ಎರಡೂ ಬದಿಗೆ ಸರಿದು ಚಪ್ಪಡಿಯ ನಡುಭಾಗಕ್ಕೆ ಬಂದು, ಅಲ್ಲಿಂದ ಇಳಿಜಾರಿನಲ್ಲಿ ಜಾರಿ ಸೂರಿನಾಚೆ ಬೀಳುತ್ತದೆ. ಸಂದಿಗೆ ನೀರು ಮುಟ್ಟುವುದೇ ಇಲ್ಲ. ಮರದ ಹಲಗೆಯ ಮನೆ ಕಟ್ಟಿ ಪಳಗಿದವರ ಉಪಾಯವನ್ನು ಕಲ್ಲಿಗೆ ಇಳಿಸಿದ ಗುರುತು ಇದು. ಪಟ್ಟದಕಲ್ಲಿಗೆ ಹೋಲಿಸಿದರೆ ಲಾಡಖಾನ ಸರಳ ಗುಡಿ. ಆದರೆ ಮಳೆಯಲ್ಲಿ ಆ ಛಾವಣಿಯ ಕೆಳಗೆ ನಿಂತಾಗ ಅದನ್ನು ಕಟ್ಟಿದವರ ಜಾಣ್ಮೆಗೆ ಮನಸ್ಸು ತಾನಾಗಿ ಬಾಗುತ್ತದೆ.

ಪಕ್ಕದಲ್ಲೇ ದುರ್ಗದ ಗುಡಿ. ದುರ್ಗಾದೇವಿಗೂ ಈ ಹೆಸರಿಗೂ ಸಂಬಂಧವಿಲ್ಲ. ಕೋಟೆಯ, ಅಂದರೆ ದುರ್ಗದ ಒತ್ತಿಗೆ ಇದ್ದುದರಿಂದ ಬಂದ ಹೆಸರು. ಹಿಂಭಾಗ ಅರ್ಧವೃತ್ತವಾಗಿ ಬಾಗಿದೆ. ಗೋಡೆಯ ಸುತ್ತಲೂ ಕಂಬಗಳ ಸಾಲಿನ ಪ್ರದಕ್ಷಿಣಾಪಥಕ್ಕೆ ಮೇಲೆ ಛಾವಣಿಯಿದೆ. ವೃಷಭವಾಹನ ಶಿವ, ನರಸಿಂಹ, ಗರುಡವಾಹನ ವಿಷ್ಣು, ವರಾಹ, ಮಹಿಷಮರ್ದಿನಿ, ಹರಿಹರ ಒಬ್ಬೊಬ್ಬರೂ ಗೋಡೆಯ ಗೂಡುಗಳಲ್ಲಿ ಸಾಲಾಗಿ ಸಿಗುತ್ತಾರೆ. ನಲವತ್ತು ಜನರ ತಂಡವೂ ಒದ್ದೆಯಾಗದೆ ಒಂದು ಸುತ್ತು ಬರಬಹುದಾದ ಗುಡಿ ಈ ಹಾದಿಯಲ್ಲಿ ಇದೊಂದೇ. ಪ್ರದಕ್ಷಿಣೆ ಮಾಡುವವರ ಅನುಕೂಲಕ್ಕೆ ಕಟ್ಟಿದ ಪಥ ಹೊರಗೋಡೆಯ ಶಿಲ್ಪಗಳನ್ನೂ ಶತಮಾನಗಳ ಮಳೆಯಿಂದ ಕಾಪಾಡಿದೆ. ಬಯಲಿಗೆ ಬಿದ್ದ ಶಿಲ್ಪಗಳ ಮುಖ ಮಾಸಿದ್ದರೆ ಇಲ್ಲಿ ಶಿವನ ಮುಗುಳ್ನಗೆಯೂ ಉಳಿದಿದೆ.

ರಾವಣಫಡಿ ಗುಹಾಲಯ ಊರ ಅಂಚಿನಲ್ಲಿದೆ. ಸಪ್ತಮಾತೃಕೆಯರ ನಡುವೆ ಕುಣಿಯುವ ಶಿವ ಇಲ್ಲಿನ ಹೆಮ್ಮೆ. ಗುಡ್ಡದ ಮೇಲಿನ ಮೇಗುಟಿ, ಅಂದರೆ ಮೇಲಿನ ಗುಡಿ, ಒಂದು ಜೈನ ಬಸದಿ. ರವಿಕೀರ್ತಿ ಎಂಬ ಕವಿ ಶಕ 556ರಲ್ಲಿ, ಕ್ರಿ.ಶ. 634ರ ಹೊತ್ತಿಗೆ, ಇದನ್ನು ಕಟ್ಟಿಸಿ ತನ್ನ ಪ್ರಶಸ್ತಿಯನ್ನು ಗೋಡೆಯ ಮೇಲೆ ಬರೆಯಿಸಿದ. ಹರ್ಷವರ್ಧನನನ್ನು ಹಿಮ್ಮೆಟ್ಟಿಸಿದ ಇಮ್ಮಡಿ ಪುಲಕೇಶಿಯ ಕೀರ್ತಿ ಅದರ ವಸ್ತು. ಕಾಳಿದಾಸ, ಭಾರವಿಯರ ಹೆಸರುಗಳು ಅದರಲ್ಲಿ ಬರುವುದರಿಂದ ಆ ಕವಿಗಳ ಕಾಲನಿರ್ಣಯಕ್ಕೂ ಈ ಗೋಡೆ ಸಾಕ್ಷಿ. ಗುಡ್ಡದ ನೆತ್ತಿ ಬಯಲಾದದ್ದು. ಸಿಡಿಲಿನ ಭಯವಿದ್ದರೆ ಇದನ್ನು ಬಿಡಬೇಕು, ಮಳೆ ಬಿಟ್ಟಿದ್ದರೆ ಬಿಡಬಾರದು.

ಕಲ್ಲಿನ ಆಯುಷ್ಯ

ಮಳೆ ಈ ಸ್ಮಾರಕಗಳ ಚೆಲುವನ್ನು ಹೆಚ್ಚಿಸುತ್ತದೆ, ಅವುಗಳ ಆಯುಷ್ಯವನ್ನೂ ಕಡಿಮೆ ಮಾಡುತ್ತದೆ. ಮರಳುಗಲ್ಲು ನೀರನ್ನು ಸ್ವಲ್ಪ ಹೀರುತ್ತದೆ. ನೀರಿನಲ್ಲಿ ಕರಗಿದ ಲವಣಗಳು ಕಲ್ಲಿನೊಳಗೆ ಸೇರುತ್ತವೆ. ಬಿಸಿಲು ಬಿದ್ದು ನೀರು ಆರಿದಾಗ ಆ ಲವಣಗಳು ರಂಧ್ರಗಳಲ್ಲೇ ಹರಳುಗಟ್ಟಿ ಕಲ್ಲನ್ನು ಒಳಗಿನಿಂದ ಒತ್ತುತ್ತವೆ. ವರ್ಷ ವರ್ಷವೂ ಹೀಗೆ ತೊಯ್ದು ಆರಿ ಮೇಲ್ಪದರ ಹೊಪ್ಪಳಿಕೆಯಂತೆ ಏಳುತ್ತದೆ. ಬಿರುಕಿನಲ್ಲಿ ಬೀಜ ಬಿದ್ದು ಬೇರು ಬಿಟ್ಟರೆ ಸಂದು ಅಗಲವಾಗುತ್ತದೆ. ಪಾಚಿ ಹಿಡಿದ ಜಾಗದಲ್ಲಿ ತೇವ ಆರುವುದೇ ಇಲ್ಲ. ಈ ಸ್ಮಾರಕಗಳನ್ನು ನೋಡಿಕೊಳ್ಳುವ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಗೆ ಛಾವಣಿಯ ಸಂದು ಮುಚ್ಚುವುದು, ಗಿಡ ಕೀಳುವುದು, ನೀರು ಹರಿದುಹೋಗುವ ದಾರಿ ತೆರೆದಿಡುವುದು ಮುಗಿಯದ ಕೆಲಸ.

ಪ್ರವಾಸಿಗರಿಂದಲೂ ಇಲ್ಲಿ ಸಹಾಯ ಬೇಕು. ಮೆತ್ತಗಾದ ಪದರಕ್ಕೆ ಒದ್ದೆ ಕೈಯ ಒತ್ತಡವೂ ಪೆಟ್ಟೇ. ಶಿಲ್ಪದ ಮೇಲೆ ಕೈ ಊರುವುದು, ಕೊಡೆಯನ್ನು ಕೆತ್ತನೆಗೆ ಆನಿಸಿಡುವುದು, ಒದ್ದೆ ಬಟ್ಟೆಯನ್ನು ಕಂಬಕ್ಕೆ ಹರವುವುದು ಇವೆಲ್ಲ ಚಿಕ್ಕ ತಪ್ಪುಗಳಂತೆ ಕಾಣುತ್ತವೆ. ಒಂದು ದಿನದಲ್ಲಿ ಸಾವಿರ ಕೈಗಳು ಅದನ್ನೇ ಮಾಡಿದರೆ ಹದಿನಾಲ್ಕು ನೂರು ವರ್ಷ ಉಳಿದ ಮೂಗು ಉಳಿಯುವುದಿಲ್ಲ.

ತಂಡಕ್ಕೆ ದಿನದ ಕ್ರಮ

ಬಿಸಿಲಿನ ದಿನದ ವೇಳಾಪಟ್ಟಿಯನ್ನು ಮಳೆಯ ದಿನಕ್ಕೆ ಹಾಗೆಯೇ ಹೊಂದಿಸಲಾಗದು. ಮಳೆ ಜೋರಿರುವಾಗ ಬಾದಾಮಿಯ ಗುಹೆಗಳು, ಸಂಗ್ರಹಾಲಯ, ದುರ್ಗದ ಗುಡಿ ಇಂಥ ಸೂರಿನ ತಾಣಗಳು. ಮಳೆ ಬಿಡುವು ಕೊಟ್ಟಾಗ ಪಟ್ಟದಕಲ್ಲಿನ ಬಯಲು ಮತ್ತು ಮೇಗುಟಿಯ ಗುಡ್ಡ. ಈ ಒಂದು ಸೂತ್ರ ಹಿಡಿದರೆ ಸರದಿ ಹಿಂದುಮುಂದಾದರೂ ನಷ್ಟವಿಲ್ಲ. ಐಹೊಳೆಗೆ ಹೋಗುವ ಮುನ್ನ ದಾರಿಯ ಹಳ್ಳಗಳ ಸ್ಥಿತಿಯನ್ನು ಪಟ್ಟದಕಲ್ಲಿನ ಚಹಾದಂಗಡಿಯಲ್ಲಿ ವಿಚಾರಿಸಿಕೊಳ್ಳಬಹುದು. ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ ಎಷ್ಟೇ ತೆಳುವಾಗಿ ಕಂಡರೂ ಬಸ್ಸು ನಿಲ್ಲಬೇಕು.

ನುಣುಪಾದ ಮರಳುಗಲ್ಲಿನ ಮೆಟ್ಟಿಲು ಒದ್ದೆಯಾದಾಗ ಜಾರುತ್ತದೆ. ಹವಾಯಿ ಚಪ್ಪಲಿಗಿಂತ ಹಿಡಿತವಿರುವ ಪಾದರಕ್ಷೆ ಒಳ್ಳೆಯದು. ಹಿರಿಯರನ್ನು ಗೋಡೆಯ ಬದಿಗೆ ನಡೆಸಬೇಕು. ಬಾದಾಮಿಯ ಕೋತಿಗಳು ಮಳೆಗೆ ಗುಹೆಯ ಸೂರಿನಲ್ಲೇ ಆಸರೆ ಪಡೆಯುವುದರಿಂದ ತಿಂಡಿಯ ಚೀಲವನ್ನು ಬಸ್ಸಿನಲ್ಲೇ ಬಿಡುವುದು ಸರಿ. ಗೈಡ್ ಹೇಳುವ ಮಾತು ಮಳೆಯ ಸದ್ದಿಗೆ ಹಿಂದಿನವರೆಗೆ ತಲುಪುವುದಿಲ್ಲ. ದೊಡ್ಡ ತಂಡವನ್ನು ಎರಡು ಪಾಲು ಮಾಡಿ ಒಂದು ಪಾಲು ಮಂಟಪದಲ್ಲಿ ಕೂತಿರುವಾಗ ಇನ್ನೊಂದಕ್ಕೆ ವಿವರಿಸಿದರೆ ಎಲ್ಲರಿಗೂ ಕೇಳಿಸುತ್ತದೆ. ಊಟಕ್ಕೆ ಬಾದಾಮಿ ಹತ್ತಿರದ ಬನಶಂಕರಿಯತ್ತ ಹೋದರೆ ಬುಟ್ಟಿ ಹೊತ್ತು ಬರುವ ಹೆಂಗಸರ ಜೋಳದ ರೊಟ್ಟಿ, ಕಾಳಪಲ್ಯ, ಶೇಂಗಾ ಚಟ್ನಿ, ಕುಡಿಕೆಯ ಮೊಸರು ಸಿಗುತ್ತದೆ. ಅಲ್ಲಿನ ಹರಿದ್ರಾತೀರ್ಥದ ಮೂರು ಬದಿಯ ಕಲ್ಲಿನ ಮಂಟಪ ಕೂತು ಉಣ್ಣಲು ಮಳೆಯಿಂದ ಮರೆ ಕೊಡುತ್ತದೆ.

ಐಹೊಳೆ ಮುಗಿಸಿ ತಂಡ ಬಾದಾಮಿಗೆ ಮರಳುವಾಗ ಸಾಮಾನ್ಯವಾಗಿ ಕತ್ತಲಾಗುತ್ತಿರುತ್ತದೆ. ಮಧ್ಯಾಹ್ನವೇ ಮಳೆ ನಿಂತಿದ್ದರೆ ಅಕ್ಕ-ತಂಗಿಯರ ಧಾರೆ ಅಷ್ಟರಲ್ಲಿ ನೂಲಿನಷ್ಟು ತೆಳುವಾಗಿರುತ್ತದೆ. ಬಂಡೆಯ ಮೇಲಿನ ನೀರು ಬಹಳ ಹೊತ್ತು ನಿಲ್ಲುವುದಿಲ್ಲ. ಬೆಳಿಗ್ಗೆ ಕೆರೆಯ ಮೆಟ್ಟಿಲನ್ನು ನೋಡಿದ್ದವರಿಗೆ ಒಂದು ವ್ಯತ್ಯಾಸ ಕಾಣಬಹುದು. ಆಗ ಮೇಲಿದ್ದ ಒಂದು ಮೆಟ್ಟಿಲು ಈಗ ನೀರಿನೊಳಗಿದೆ.